ಫ್ಲೈಯಿಂಗ್ ಹಾಕಲಾ, ಗ್ರೌಂಡ್ ಡ್ಯೂಟಿ ಹಾಕಲಾ?

ವರ್ಷಕ್ಕೆ ಎರಡು ಸಲ, ಎಎಫ್‌ಕ್ಯಾಟ್ ಎಂಬ ವಾಯುಪಡೆಯ ಪ್ರವೇಶ ಪರೀಕ್ಷೆಗೆ ಅರ್ಜಿ ಕರೆದಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಭಾರತೀಯ ವಾಯುಪಡೆಯಲ್ಲಿ ಅಧಿಕಾರಿಯಾಗಬೇಕು ಎನ್ನುವ ಹುಡುಗ ಹುಡುಗಿಯರು ಕೇಳುತ್ತಾರೆ, ಅವರಿಗಿಂತ ಹೆಚ್ಚಾಗಿ ಮನೆಯವರು ಕೇಳುತ್ತಾರೆ: ಪೈಲಟ್ ಆಗುವ ಫ್ಲೈಯಿಂಗ್ ಶಾಖೆಗೇ ಹಾಕಬೇಕಾ, ಇಲ್ಲ ನೆಲದ ಮೇಲಿದ್ದು ಕೆಲಸ ಮಾಡುವ ಗ್ರೌಂಡ್ ಡ್ಯೂಟಿ ಸಾಕಾ? ಆ ‘ಸಾಕಾ’ ಎಂಬ ಮಾತೇ ದಾರಿ ತಪ್ಪಿಸುವುದು. ಒಂದು ಮೇಲು, ಇನ್ನೊಂದು ಕೀಳು ಎಂದುಕೊಂಡು ಹೊರಟವರು ಎರಡರಲ್ಲೂ ಎಡವುತ್ತಾರೆ.

ನನ್ನ ಉತ್ತರ ಅಳತೆ ಟೇಪಿನಿಂದ ಶುರುವಾಗುತ್ತದೆ. ಆಸೆ ಏನು ಎಂದು ಕೇಳಿಕೊಳ್ಳುವ ಮೊದಲು ದೇಹ ಒಪ್ಪುತ್ತದೆಯೇ ನೋಡಿ. ಫ್ಲೈಯಿಂಗ್‌ಗೆ ಎತ್ತರ ಕನಿಷ್ಠ 162.5 ಸೆಂ.ಮೀ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ಜನ ಸೋಲುವುದು ಉಳಿದ ಮೂರು ಅಳತೆಗಳಲ್ಲಿ. ಗೋಡೆಗೆ ಬೆನ್ನು, ತಲೆ ತಾಗಿಸಿ ನೆಟ್ಟಗೆ ಕುಳಿತಾಗ ಕೂತ ಮಟ್ಟದಿಂದ ನೆತ್ತಿಯವರೆಗೆ 81.5ರಿಂದ 96 ಸೆಂ.ಮೀ. ಇರಬೇಕು. ಹಾಗೇ ಕುಳಿತು ಕಾಲು ಚಾಚಿದರೆ ಗೋಡೆಯಿಂದ ಹಿಮ್ಮಡಿಯವರೆಗೆ 99ರಿಂದ 120. ಸ್ಟೂಲಿನ ಮೇಲೆ ಕುಳಿತು ಮಂಡಿ ಮಡಿಸಿದಾಗ ಗೋಡೆಯಿಂದ ಮಂಡಿಚಿಪ್ಪಿನ ತುದಿಗೆ 64 ಮೀರಬಾರದು. ಇವು ಯಾರೋ ಸುಮ್ಮನೆ ಬರೆದಿಟ್ಟ ಸಂಖ್ಯೆಗಳಲ್ಲ. ಕೂತ ಎತ್ತರ ಕಡಿಮೆಯಾದರೆ ವಿಮಾನದ ಮೂತಿಯಾಚೆಗಿನ ರನ್‌ವೇ ಕಾಣುವುದಿಲ್ಲ, ಹೆಚ್ಚಾದರೆ ಹೆಲ್ಮೆಟ್ ಗಾಜಿನ ಮೇಲ್ಛಾವಣಿಗೆ ತಾಗುತ್ತದೆ. ಕಾಲು ಗಿಡ್ಡವಾದರೆ ವಿಮಾನದ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡರ್ ಪೆಡಲ್ ಪೂರ್ತಿ ಒತ್ತಲಾಗದು. ತೊಡೆ ಉದ್ದವಾದರೆ, ಅಪಾಯದಲ್ಲಿ ಪೈಲಟನ್ನು ಹೊರಕ್ಕೆ ಎಸೆಯುವ ಇಜೆಕ್ಷನ್ ಸೀಟು ಮೇಲಕ್ಕೆ ಚಿಮ್ಮುವಾಗ ಮಂಡಿ ಮುಂದಿನ ಚೌಕಟ್ಟಿಗೆ ಬಡಿಯುತ್ತದೆ. ಬೆನ್ನುಮೂಳೆಯ ಎಕ್ಸ್‌ರೇ ನೋಡುವುದೂ ಅದೇ ಸೀಟಿನ ಹೊಡೆತ ತಡೆಯಬೇಕೆಂದು. ಈ ಅಳತೆಗಳಲ್ಲಿ ವಿನಾಯಿತಿ ಕೇಳುವುದು ವ್ಯರ್ಥ. ಮನೆಯಲ್ಲಿ ಇನ್ನೊಬ್ಬರ ಕೈಲಿ ಮೂರು ಸಲ ಅಳೆಸಿಕೊಳ್ಳಿ, ಹತ್ತು ನಿಮಿಷದ ಕೆಲಸ.

ಆಮೇಲೆ ಕಣ್ಣು. ಒಂದು ಕಣ್ಣು 6/6, ಇನ್ನೊಂದು 6/9 ಇರಬಹುದು. ಆ 6/9 ಅನ್ನು 6/6ಕ್ಕೆ ತರಲು ಹತ್ತಿರದ್ದು ಮಸುಕಾಗುವ ದೂರದೃಷ್ಟಿಯ ಕನ್ನಡಕ, ಅಂದರೆ ಪ್ಲಸ್ ಪವರ್, ಮಾತ್ರ ನಡೆಯುತ್ತದೆ, ಅದೂ +2.00 ಡಯಾಪ್ಟರ್ ಮೀರದಂತೆ. ದೂರದ್ದು ಮಸುಕಾಗುವ ಸಮೀಪದೃಷ್ಟಿ, ಅಂದರೆ ಮೈನಸ್ ಪವರ್, ಫ್ಲೈಯಿಂಗ್‌ಗೆ ಆಗದು. ಬಣ್ಣ ಗುರುತಿಸುವಿಕೆ ಸಿಪಿ-1 ಎಂಬ ಅತ್ಯುತ್ತಮ ದರ್ಜೆಯದೇ ಬೇಕು. ‘ನನಗೆ ಕನ್ನಡಕವೇ ಇಲ್ಲ, ಹಾಗಾಗಿ ಕಣ್ಣು ಸರಿ ಇದೆ’ ಎಂಬ ನಂಬಿಕೆ ಬಹಳ ಜನರನ್ನು ಮುಳುಗಿಸಿದೆ. ಸಣ್ಣ ಮೈನಸ್ ಪವರನ್ನು ಎಳೆಯ ಕಣ್ಣು ಅರೆಮುಚ್ಚಿಕೊಂಡೇ ನಿಭಾಯಿಸಿಬಿಡುತ್ತದೆ. ಕಣ್ಣಿನ ವೈದ್ಯರ ಬಳಿ ಡ್ರಾಪ್ಸ್ ಹಾಕಿಸಿಕೊಂಡು ಪವರ್ ಪರೀಕ್ಷೆ ಮಾಡಿಸಿ, ಇಶಿಹಾರ ಬಣ್ಣದ ಪುಸ್ತಕವನ್ನೂ ತೋರಿಸಲು ಕೇಳಿ. ಪವರ್ ತೆಗೆಯುವ ಲೇಸರ್ ಶಸ್ತ್ರಚಿಕಿತ್ಸೆ ಲೇಸಿಕ್ ಮಾಡಿಸಿಕೊಂಡು ಹೋಗೋಣ ಎನ್ನುವವರು ಅವಸರಪಡಬೇಡಿ. 20 ವರ್ಷ ತುಂಬುವ ಮೊದಲು ಮಾಡಿಸಿದ್ದರೆ ಒಪ್ಪುವುದಿಲ್ಲ, ಮಾಡಿಸಿ 12 ತಿಂಗಳಾದರೂ ಕಳೆದಿರಬೇಕು, ಜೊತೆಗೆ ಕಣ್ಣುಗುಡ್ಡೆಯ ಉದ್ದ, ಕಾರ್ನಿಯದ ದಪ್ಪ ಎಂದು ಬೇರೆ ಷರತ್ತುಗಳಿವೆ. ನೀವು ಅರ್ಜಿ ಹಾಕುವ ಸಾಲಿನ ಅಧಿಸೂಚನೆ ಓದದೆ ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡಬೇಡಿ.

ಓದು, ವಯಸ್ಸು ಬೇಗ ಹೇಳಿಬಿಡಬಹುದು. ಫ್ಲೈಯಿಂಗ್‌ಗೆ ಪಿಯುಸಿಯಲ್ಲಿ ಗಣಿತ ಮತ್ತು ಭೌತಶಾಸ್ತ್ರ ಎರಡರಲ್ಲೂ ತಲಾ ಶೇ. 50, ಪದವಿಯಲ್ಲಿ ಶೇ. 60. ತರಬೇತಿ ಶುರುವಾಗುವ ಹೊತ್ತಿಗೆ 20ರಿಂದ 24 ವರ್ಷ. ನಾಗರಿಕ ವಿಮಾನಯಾನ ನಿರ್ದೇಶನಾಲಯ (ಡಿಜಿಸಿಎ) ಕೊಟ್ಟ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಇದ್ದರೆ 26ರವರೆಗೆ. ಗ್ರೌಂಡ್ ಡ್ಯೂಟಿಗೆ ಎಲ್ಲರಿಗೂ 26ರವರೆಗೆ. ಪಿಯುಸಿಯಲ್ಲಿ ಕಾಮರ್ಸ್ ಓದಿದವರಿಗೆ ಫ್ಲೈಯಿಂಗ್ ಇಲ್ಲ, ಆದರೆ ಅಕೌಂಟ್ಸ್, ಅಡ್ಮಿನಿಸ್ಟ್ರೇಷನ್, ಲಾಜಿಸ್ಟಿಕ್ಸ್ ಶಾಖೆಗಳಿವೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಫ್ಲೈಯಿಂಗ್ ಕೇಳಿದವರಿಗೆ, ಲಿಖಿತ ಪರೀಕ್ಷೆ ದಾಟಿದ ಮೇಲೆ, ಆಯ್ಕೆ ಮಂಡಳಿಯಲ್ಲಿ ಸಿಪಿಎಸ್‌ಎಸ್ ಎಂಬ ಗಣಕೀಕೃತ ಪೈಲಟ್ ಆಯ್ಕೆ ಪರೀಕ್ಷೆ ಇರುತ್ತದೆ. ಕಾಕ್‌ಪಿಟ್ ಡಯಲ್‌ಗಳನ್ನು ಓದಿ ವಿಮಾನದ ಸ್ಥಿತಿ ಹೇಳುವುದು, ಕೈಯಲ್ಲಿ ಸ್ಟಿಕ್, ಕಾಲಲ್ಲಿ ಪೆಡಲ್ ಹಿಡಿದು ಪರದೆಯ ಮೇಲೆ ಓಡುವ ಗುರಿಯನ್ನು ಹಿಡಿದಿಡುವುದು, ಅದರ ನಡುವೆಯೇ ಬೆಳಕು ಹತ್ತಿದರೆ, ಸದ್ದು ಬಂದರೆ ಸ್ಪಂದಿಸುವುದು. ಇದನ್ನು ಜೀವಮಾನದಲ್ಲಿ ಒಂದೇ ಸಲ ಬರೆಯಬಹುದು. ಫೇಲಾದರೆ ಎನ್‌ಡಿಎ, ಸಿಡಿಎಸ್, ಎನ್‌ಸಿಸಿ ವಿಶೇಷ ಪ್ರವೇಶ, ಎಎಫ್‌ಕ್ಯಾಟ್ ಯಾವ ಬಾಗಿಲಿನಿಂದ ಬಂದರೂ ಮತ್ತೆ ಫ್ಲೈಯಿಂಗ್ ಸಿಗುವುದಿಲ್ಲ. ಎಎಫ್‌ಕ್ಯಾಟ್ ಲಿಖಿತ ಪರೀಕ್ಷೆಯನ್ನು ವಯಸ್ಸಿರುವವರೆಗೆ ಎಷ್ಟು ಸಲವಾದರೂ ಬರೆಯಬಹುದು, ಅದೇ ಧೈರ್ಯದಲ್ಲಿ ‘ಒಂದು ಕೈ ನೋಡೋಣ’ ಎಂದು ಸಿಪಿಎಸ್‌ಎಸ್‌ಗೆ ಕೂರಬೇಡಿ. ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದು, ಜ್ವರ ಮುಚ್ಚಿಟ್ಟು ಬರೆದವರಿಗೂ ಎರಡನೇ ಸಲ ಇಲ್ಲ. ನಮ್ಮವರಿಗೆ ಮೈಸೂರಿನಲ್ಲೇ ಆಯ್ಕೆ ಮಂಡಳಿ ಇದೆ. ಹತ್ತಿರವೇ ಅಲ್ಲವೇ ಎಂದು ತಯಾರಿ ಇಲ್ಲದೆ ಹೋಗುವುದೂ ಉಂಟು. ಹಾಗೆ ಮಾಡಬೇಡಿ. ಎಡಗೈ, ಬಲಗೈ, ಕಾಲು ಮೂರನ್ನೂ ಒಟ್ಟಿಗೆ ನಡೆಸುವ ಅಭ್ಯಾಸ ಮಾಡಿ, ಕೃತಕ ದಿಗಂತ, ಎತ್ತರಮಾಪಕ, ದಿಕ್ಸೂಚಿ ಡಯಲ್‌ಗಳು ಕಂಡೊಡನೆ ಅರ್ಥವಾಗುವಷ್ಟು ರೂಢಿಸಿಕೊಳ್ಳಿ, ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ.

ಸಿಪಿಎಸ್‌ಎಸ್ ಹೋಯಿತು ಎಂದರೆ ವಾಯುಪಡೆಯೇ ಹೋಯಿತು ಎಂದಲ್ಲ. ಅಧಿಕಾರಿಯ ಗುಣ ಅಳೆಯುವ ಪರೀಕ್ಷೆ ಬೇರೆ, ಪೈಲಟ್ ಕೈ ಅಳೆಯುವುದು ಬೇರೆ. ಗ್ರೌಂಡ್ ಡ್ಯೂಟಿಯನ್ನೂ ಆಯ್ಕೆಯಲ್ಲಿ ಬರೆದು, ಅದರ ಅರ್ಹತೆಯೂ ಇದ್ದರೆ ಆ ದಾರಿ ತೆರೆದೇ ಇರುತ್ತದೆ. ಫ್ಲೈಯಿಂಗ್ ಒಂದನ್ನೇ ಬರೆದವರಿಗೆ ಇರುವುದಿಲ್ಲ.

ದಿನದ ಕೆಲಸ ಹೇಗಿರುತ್ತದೆ ಎಂಬುದನ್ನೂ ನೋಡಬೇಕು. ಫ್ಲೈಯಿಂಗ್ ತರಬೇತಿ ಹೈದರಾಬಾದ್ ಬಳಿಯ ದುಂಡಿಗಲ್‌ನಲ್ಲಿ ಪಿಲಾಟಸ್ ಪಿಸಿ-7 ವಿಮಾನದಿಂದ ಶುರುವಾಗಿ, ಮುಂದೆ ಫೈಟರ್, ಸಾರಿಗೆ ವಿಮಾನ, ಹೆಲಿಕಾಪ್ಟರ್ ಎಂದು ಕವಲೊಡೆಯುತ್ತದೆ. ಫೈಟರ್‌ಗೆ ಹೋಗುವವರು ನಮ್ಮ ಬೀದರ್‌ನಲ್ಲಿ ಹಾಕ್ ಜೆಟ್ ಹಾರಿಸುತ್ತಾರೆ. ಯಾವ ಕವಲು ಎಂಬುದನ್ನು ನಿಮ್ಮ ಹಾರಾಟದ ಗುಣಮಟ್ಟ ಮತ್ತು ಪಡೆಯ ಅಗತ್ಯ ತೀರ್ಮಾನಿಸುತ್ತವೆ, ನಿಮ್ಮ ಇಷ್ಟ ಆಮೇಲೆ. ‘ಫೈಟರ್ ಸಿಕ್ಕರೆ ಮಾತ್ರ’ ಎನ್ನುವವರು ಫ್ಲೈಯಿಂಗ್ ಬರೆಯುವ ಮೊದಲು ಇನ್ನೊಮ್ಮೆ ಯೋಚಿಸಿ. ಹೆಲಿಕಾಪ್ಟರ್‌ನಲ್ಲಿ ಸಿಯಾಚಿನ್‌ಗೆ ಸಾಮಾನು ಮುಟ್ಟಿಸುವ ಕೆಲಸವನ್ನೂ ಪ್ರೀತಿಸಬಲ್ಲವರಿಗೆ ಈ ಶಾಖೆ. ತರಬೇತಿಯ ನಡುವೆ ಹಾರಾಟದಿಂದ ಕೈಬಿಟ್ಟರೆ ನೆಲದ ಶಾಖೆ ತಾನಾಗಿ ದಕ್ಕುವ ಹಕ್ಕೂ ಅಲ್ಲ.

ಟೆಕ್ನಿಕಲ್ ಶಾಖೆಯವರು ಬೆಂಗಳೂರಿನ ಜಾಲಹಳ್ಳಿಯ ವಾಯುಪಡೆ ತಾಂತ್ರಿಕ ಕಾಲೇಜಿನಲ್ಲಿ ಕಲಿಯುತ್ತಾರೆ. ವಿಮಾನ ಹಾರಲು ಯೋಗ್ಯ ಎಂಬುದಕ್ಕೆ ಹೊಣೆ ಹೊರುವವರು ಇವರೇ. ಎಂಜಿನಿಯರಿಂಗ್ ಓದಿ ಯಂತ್ರದ ಮೇಲೆ ನಿಜವಾದ ಮೋಹ ಇರುವವರಿಗೆ ಇದು ಮೊದಲ ಆಯ್ಕೆಯೇ ಆಗಬೇಕು ಎಂದು ನಾನು ಹೇಳುತ್ತೇನೆ. ಅಡ್ಮಿನಿಸ್ಟ್ರೇಷನ್ ಎಂದರೆ ಕಡತ ಎಂದು ತಿಳಿದವರು ಬಹಳ. ಏರ್ ಟ್ರಾಫಿಕ್ ಕಂಟ್ರೋಲರ್‌ಗಳು, ರೇಡಾರ್ ನೋಡಿಕೊಂಡು ಫೈಟರ್‌ಗಳನ್ನು ಗುರಿಯತ್ತ ನಡೆಸುವ ಫೈಟರ್ ಕಂಟ್ರೋಲರ್‌ಗಳು ಆ ಶಾಖೆಯವರೇ. 2022ರ ಅಕ್ಟೋಬರ್‌ನಲ್ಲಿ ಘೋಷಣೆಯಾದ ವೆಪನ್ ಸಿಸ್ಟಮ್ಸ್ ಶಾಖೆ ಕ್ಷಿಪಣಿ, ದೂರನಿಯಂತ್ರಿತ ವಿಮಾನ, ಗುಪ್ತಚರ ವಿಶ್ಲೇಷಣೆ, ಎರಡು ಸೀಟಿನ ವಿಮಾನದ ಶಸ್ತ್ರ ನಿರ್ವಹಣೆ ಇಷ್ಟನ್ನೂ ಒಳಗೊಂಡಿದೆ. ಅಲ್ಲಿಗೆ ನೆಲ, ಆಕಾಶ ಎಂಬ ಗೆರೆಯೇ ಮಸುಕಾಗಿದೆ.

ಸೇವಾವಧಿಯ ಲೆಕ್ಕವನ್ನು ಮನೆಯವರ ಜೊತೆ ಕೂತು ಮಾಡಿ. ಎಎಫ್‌ಕ್ಯಾಟ್ ಮೂಲಕ ಸಿಗುವುದು ಶಾರ್ಟ್ ಸರ್ವಿಸ್ ಕಮಿಷನ್, ಅಂದರೆ ನಿಗದಿತ ವರ್ಷಗಳ ಅಧಿಕಾರಿ ಹುದ್ದೆ. ಫ್ಲೈಯಿಂಗ್‌ಗೆ 14 ವರ್ಷ, ವಿಸ್ತರಣೆ ಇಲ್ಲ. ಗ್ರೌಂಡ್ ಡ್ಯೂಟಿಗೆ 10 ವರ್ಷ, ಅಗತ್ಯ ಮತ್ತು ಅರ್ಹತೆ ನೋಡಿ ಇನ್ನು 4. ಎರಡರಲ್ಲೂ ಪಿಂಚಣಿ ಇಲ್ಲ. ಮೂಲವೇತನ ಇಬ್ಬರಿಗೂ 56,100 ರೂಪಾಯಿಯಿಂದಲೇ ಶುರು, ಮಿಲಿಟರಿ ಸರ್ವಿಸ್ ಪೇ 15,500 ಇಬ್ಬರಿಗೂ ಒಂದೇ. ಪೈಲಟ್‌ಗೆ ಮೇಲೆ ಫ್ಲೈಯಿಂಗ್ ಭತ್ಯೆ ಇದೆ. ಆ ಭತ್ಯೆಗಾಗಿ ಫ್ಲೈಯಿಂಗ್ ಆರಿಸುವುದು ನನಗೆ ಸರಿ ಕಾಣುವುದಿಲ್ಲ. ಮೂವತ್ತೇಳು, ಮೂವತ್ತೆಂಟರಲ್ಲಿ ಹೊರಬಂದ ಪೈಲಟ್ ನಾಗರಿಕ ವಿಮಾನಯಾನಕ್ಕೆ ಹೋಗಲು ಡಿಜಿಸಿಎ ಪರೀಕ್ಷೆಗಳನ್ನು ಪಾಸು ಮಾಡಲೇಬೇಕು. ಎಂಜಿನಿಯರ್, ಲಾಜಿಸ್ಟಿಕ್ಸ್ ಅಧಿಕಾರಿಗೆ ಹೊರಗಿನ ಉದ್ಯೋಗಗಳ ಹರವು ದೊಡ್ಡದು.

ಹಾಗಾದರೆ ಅರ್ಜಿಯಲ್ಲಿ ಏನು ಬರೆಯುವುದು? ಅಳತೆ, ಕಣ್ಣು ಎರಡೂ ಸರಿ ಇದ್ದು, ಯಾವ ವಿಮಾನ ಕೊಟ್ಟರೂ ಹಾರಿಸುತ್ತೇನೆ ಎನ್ನುವ ಮನಸ್ಸಿದ್ದು, ಸಿಪಿಎಸ್‌ಎಸ್‌ಗೆ ತಯಾರಿ ಆಗಿದ್ದರೆ ಫ್ಲೈಯಿಂಗ್ ಮೊದಲು, ನಿಮ್ಮ ಓದಿಗೆ ಹೊಂದುವ ನೆಲದ ಶಾಖೆ ಎರಡನೆಯದು. ತಯಾರಿ ಆಗಿಲ್ಲ, ವಯಸ್ಸು 21 ಎಂದಾದರೆ ಆರು ತಿಂಗಳು ಕಾಯಿರಿ, ಮುಂದಿನ ಸಲ ಹಾಕಿ. ಅಳತೆಯಲ್ಲೋ ಕಣ್ಣಲ್ಲೋ ಸಿಕ್ಕಿಬಿದ್ದಿದ್ದರೆ ಫ್ಲೈಯಿಂಗ್ ಕಾಲಂ ಮುಟ್ಟಬೇಡಿ. ಎರಡನೆಯದಾಗಿ ಬರೆದ ಶಾಖೆಯ ಬಗ್ಗೆಯೂ ಸಂದರ್ಶನದಲ್ಲಿ ಪ್ರಶ್ನೆ ಬರಬಹುದು. ಫೈಟರ್ ಕಂಟ್ರೋಲರ್ ಏನು ಮಾಡುತ್ತಾರೆ ಎಂದು ಕೇಳಿದಾಗ ಎರಡು ನಿಮಿಷ ಮಾತಾಡುವಷ್ಟಾದರೂ ಓದಿಕೊಂಡು ಹೋಗಿ.