ನಾಲ್ಕು ಎತ್ತಿನ ಹೆಂಗಸು

ಭಾನುವಾರದ ಆನ್‌ಲೈನ್ ಓದಿನಲ್ಲಿ ಟ್ರಾಯ್ ಯುದ್ಧದ ಕಥೆ ಹೇಳುವ ಹೋಮರ್‌ನ ಗ್ರೀಕ್ ಮಹಾಕಾವ್ಯ ಇಲಿಯಡ್‌ನ 23ನೇ ಭಾಗಕ್ಕೆ ಬಂದಿದ್ದೆವು. ಪೆಟ್ರೋಕ್ಲಸ್‌ನ ಚಿತೆ ಉರಿದು ಮುಗಿದಿದೆ. ಗೆಳೆಯನ ಗೌರವಕ್ಕೆ ಅಂತ ಗ್ರೀಕ್ ವೀರ ಅಕಿಲೀಸ್ ಆಟಗಳನ್ನು ಇಟ್ಟಿದ್ದಾನೆ. ರಥದ ಓಟ ಆಯಿತು, ಮುಷ್ಟಿ ಕಾಳಗ ಆಯಿತು. ಆಮೇಲೆ ಕುಸ್ತಿ. ಗೆದ್ದವನಿಗೆ ಬೆಂಕಿಯ ಮೇಲಿಡುವ ಮೂರು ಕಾಲಿನ ದೊಡ್ಡ ಪಾತ್ರೆ. ಅದಕ್ಕೆ 12 ಎತ್ತಿನ ಬೆಲೆ ಅಂತ ಸುತ್ತ ನಿಂತ ಗ್ರೀಕರು ಲೆಕ್ಕ ಹಾಕುತ್ತಾರೆ. ಸೋತವನಿಗೆ ಒಬ್ಬ ಹೆಂಗಸು. ನಾನಾ ಕೆಲಸ ಬಲ್ಲವಳು. ಬೆಲೆ 4 ಎತ್ತು. ಅಕಿಲೀಸ್ ಅವಳನ್ನು ತಂದು ನಡುವೆ ನಿಲ್ಲಿಸುತ್ತಾನೆ.

ಏಜಾಕ್ಸ್ ಮತ್ತು ಒಡಿಸ್ಸಿಯಸ್ ಇಳಿಯುತ್ತಾರೆ. ಬೆನ್ನು ಲಟಲಟ ಅನ್ನುತ್ತದೆ, ಬೆವರು ಹರಿಯುತ್ತದೆ, ಪಕ್ಕೆಯ ಮೇಲೆ ಬಾಸುಂಡೆ ಏಳುತ್ತದೆ. ಯಾರೂ ಗೆಲ್ಲುವುದಿಲ್ಲ. ಸಾಕು, ಇಬ್ಬರೂ ಗೆದ್ದಿರಿ, ಸಮನಾಗಿ ಬಹುಮಾನ ತಗೊಳ್ಳಿ ಅಂತ ಅಕಿಲೀಸ್ ನಿಲ್ಲಿಸುತ್ತಾನೆ. ಅವರು ಮೈಯ ಧೂಳು ಒರೆಸಿಕೊಂಡು ಬಟ್ಟೆ ತೊಡುತ್ತಾರೆ. ಅಷ್ಟೇ. ಮುಂದಿನದು ಓಟದ ಪಂದ್ಯ.

ನಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳು, ಯಾವಾಗಲೂ ಮ್ಯೂಟ್‌ನಲ್ಲೇ ಇರುವ ಹುಡುಗಿ, ಆಗ ಕೇಳಿದಳು. "ಸರ್, ಹಾಗಾದ್ರೆ ಆ ಹೆಂಗಸು ಯಾರ ಜೊತೆ ಹೋದಳು?"

"ಅದು ಬರೀ ಬಹುಮಾನದ ಪಟ್ಟಿ ಕಣಮ್ಮಾ. ಆ ಕಾಲ ಹಾಗಿತ್ತು. ಮುಂದೆ ಹೋಗೋಣ," ಅಂದರು ಸರ್.

ಮುಂದೆ ಹೋದೆವು. ನಾನು ಮಾತ್ರ ವಾರವಿಡೀ ಅಲ್ಲೇ ನಿಂತಿದ್ದೇನೆ. ಸರ್ ಕೆಟ್ಟವರಲ್ಲ. ಒಳ್ಳೆಯ ಮೇಷ್ಟ್ರು, ತಾಳ್ಮೆ ಜಾಸ್ತಿ. ಅಕಿಲೀಸ್‌ನ ಗುರಾಣಿಯ ಮೇಲೆ ಯಾವ ಚಿತ್ರ ಎಲ್ಲಿದೆ ಅಂತ ಹಾಳೆಯ ಮೇಲೆ ಬರೆದು ಕ್ಯಾಮೆರಾಗೆ ಹಿಡಿದು ತೋರಿಸಿದವರು. ಗುರಾಣಿಗೆ ಸಿಕ್ಕ ಸಮಯದಲ್ಲಿ ಒಂದು ಚೂರು ಈ ಹೆಂಗಸಿಗೂ ಸಿಗಬಹುದಿತ್ತು, ಅಲ್ವಾ? ಚಾಟ್‌ನಲ್ಲಿ ಯಾರೋ "ದ್ರೌಪದಿ" ಅಂತ ಒಂದೇ ಪದ ಹಾಕಿ ಕೈ ತೊಳೆದುಕೊಂಡರು. ಅದೊಂದು ಚಟ ನಮಗೆ. ದ್ರೌಪದಿಗೆ ಹೆಸರಿದೆ, ತುಂಬಿದ ಸಭೆಯಲ್ಲಿ ಪ್ರಶ್ನೆ ಕೇಳುವ ಬಾಯಿದೆ. ಇವಳಿಗೆ ಎರಡೂ ಇಲ್ಲ.

ಹುಡುಗಿ ಕೇಳಿದ್ದು ಸರಿಯಾದ ಪ್ರಶ್ನೆ. 12 ಎತ್ತಿನ ಪಾತ್ರೆ, 4 ಎತ್ತಿನ ಹೆಂಗಸು. ಇದನ್ನು ಸಮಪಾಲು ಮಾಡುವುದು ಹೇಗೆ? ಹೋಮರ್ ಹೇಳುವುದಿಲ್ಲ. ಅದೇ ಭಾಗದಲ್ಲಿ ಸ್ವಲ್ಪ ಹಿಂದೆ ಹೋದರೆ ರಥದ ಓಟದಲ್ಲೂ ಒಬ್ಬಳಿದ್ದಾಳೆ. ಮೊದಲ ಬಹುಮಾನ ಅವಳು ಮತ್ತು ಒಂದು ಪಾತ್ರೆ. ಎರಡನೆಯದು ಒಂದು ಹೆಣ್ಣು ಕುದುರೆ. ಕುದುರೆಗೆ 6 ವರ್ಷ, ಇನ್ನೂ ಪಳಗಿಸಿಲ್ಲ, ಹೊಟ್ಟೆಯಲ್ಲಿ ಹೇಸರಗತ್ತೆಯ ಮರಿ ಇದೆ. ಇಷ್ಟೆಲ್ಲ ಕವಿ ಹೇಳುತ್ತಾನೆ. ಹೆಂಗಸಿನ ಹೆಸರು ಹೇಳುವುದಿಲ್ಲ. ಡಯೋಮಿಡೀಸ್ ಗೆಲ್ಲುತ್ತಾನೆ. ಅವನ ಸಾರಥಿ ಜೊತೆಯವರಿಗೆ ಬಹುಮಾನ ಒಪ್ಪಿಸುತ್ತಾನೆ: ಹೆಂಗಸನ್ನು ಕರೆದುಕೊಂಡು ಹೋಗಿ, ಪಾತ್ರೆಯನ್ನು ಹೊತ್ತುಕೊಂಡು ಹೋಗಿ.

ಕುಸ್ತಿಯ ಹೆಂಗಸು ಒಡಿಸ್ಸಿಯಸ್ ಪಾಲಿಗೆ ಹೋದಳು ಅಂತಲೇ ಇಟ್ಟುಕೊಳ್ಳೋಣ. ಊರಿಗೆ ಹೊರಟಾಗ ಅವನಿಗೆ 12 ಹಡಗು. ಮನೆ ಮುಟ್ಟಿದ್ದು ಅವನೊಬ್ಬನೇ. ಅವಳು ಯಾವ ಹಡಗಿನಲ್ಲಿದ್ದಳು? ಇದನ್ನು ಹುಡುಕಲು, ಅವನು ಊರಿಗೆ ಮರಳುವ ಕಥೆಯಾದ ಹೋಮರ್‌ನ ಇನ್ನೊಂದು ಕಾವ್ಯ ಒಡಿಸ್ಸಿಯ 9ನೇ ಭಾಗ ತೆಗೆದೆ. ಟ್ರಾಯ್ ಬಿಟ್ಟ ಮೇಲೆ ಅವರು ಮೊದಲು ಮುಟ್ಟುವುದು ಇಸ್ಮಾರಸ್ ಎಂಬ ಊರು. ಗಂಡಸರನ್ನು ಕೊಂದೆವು, ಅವರ ಹೆಂಡಿರನ್ನೂ ಸೊತ್ತನ್ನೂ ತಂದು ಹಂಚಿಕೊಂಡೆವು, ಯಾರಿಗೂ ಪಾಲಿನಲ್ಲಿ ಮೋಸ ಆಗಬಾರದು ಅಂತ. ಒಡಿಸ್ಸಿಯಸ್ ಇದನ್ನು ತಾನೇ ಹೇಳಿಕೊಳ್ಳುತ್ತಾನೆ, ಸ್ವಲ್ಪ ಹೆಮ್ಮೆಯಿಂದಲೇ. ಮಾರನೇ ದಿನದ ಜಗಳದಲ್ಲಿ ಹಡಗಿಗೆ 6 ಜನರಂತೆ ಸತ್ತರು ಅನ್ನುವ ಲೆಕ್ಕವೂ ಅವನ ಹತ್ತಿರ ಇದೆ. ಆ ಹೆಂಗಸರು ಏನಾದರು? ಬಿರುಗಾಳಿ ಬರುತ್ತದೆ, ದೈತ್ಯರು 11 ಹಡಗು ಪುಡಿ ಮಾಡುತ್ತಾರೆ, ಕೊನೆಯದಕ್ಕೆ ಸಿಡಿಲು ಬಡಿಯುತ್ತದೆ. ಅವರ ಸುದ್ದಿಯೇ ಇಲ್ಲ. ಅದೇ 9ನೇ ಭಾಗದ ಕೊನೆಯಲ್ಲಿ, ಒಕ್ಕಣ್ಣ ದೈತ್ಯ ಸೈಕ್ಲಾಪ್ಸ್‌ನ ಕುರಿಗಳನ್ನು ಹಂಚುವಾಗ, ಹಂಚಿದ ಆ ಸಾಲು ಮತ್ತೆ ಬರುತ್ತದೆ. ಒಂದಕ್ಷರ ಬದಲಾವಣೆ ಇಲ್ಲ. ಯಾರಿಗೂ ಪಾಲಿನಲ್ಲಿ ಮೋಸ ಆಗಬಾರದು ಅಂತ. ರಾತ್ರಿ ಅದನ್ನು ಓದಿ ಪುಸ್ತಕ ಮುಚ್ಚಿಟ್ಟೆ.

ಆ ಕಾಲ ಹಾಗಿತ್ತು. ಸರಿ. ಆದರೆ ಈ ಮಾತನ್ನು ಆ ಕಾಲದ ಕವಿಯೇ ಒಪ್ಪುವ ಹಾಗೆ ಕಾಣುವುದಿಲ್ಲ. ಯುದ್ಧದಲ್ಲಿ ಸೆರೆ ಸಿಕ್ಕ ಬ್ರಿಸೀಯಿಸ್‌ಗಾಗಿ ಅಕಿಲೀಸ್ ಮತ್ತು ಗ್ರೀಕ್ ಸೈನ್ಯದ ನಾಯಕ ಅಗಮೆಮ್ನನ್ ಕಿತ್ತಾಡುವುದರಿಂದಲೇ ಇಲಿಯಡ್ ಶುರು. ಅವಳು ಬಾಯಿ ಬಿಡುವುದು ಮಾತ್ರ 19ನೇ ಭಾಗದಲ್ಲಿ, ಒಂದೇ ಸಲ, ಪೆಟ್ರೋಕ್ಲಸ್‌ನ ಹೆಣದ ಮುಂದೆ. ನನ್ನ ಗಂಡನನ್ನು ಅಕಿಲೀಸ್ ಕೊಂದ, ಮೂವರು ಅಣ್ಣತಮ್ಮಂದಿರೂ ಸತ್ತರು, ಆಗಲೂ ನೀನು ನನ್ನನ್ನು ಅಳಲು ಬಿಡಲಿಲ್ಲ. ಅಕಿಲೀಸ್ ಜೊತೆ ಮದುವೆ ಮಾಡಿಸ್ತೀನಿ ಅಂದಿದ್ದೆ. ಗಂಡನನ್ನು ಕೊಂದವನ ಜೊತೆ ಮದುವೆ! ಅವಳಿಗೆ ಉಳಿದಿದ್ದ ಒಳ್ಳೆಯ ದಾರಿ ಅದೇ. ಅವಳ ಜೊತೆ ಉಳಿದ ಹೆಂಗಸರೂ ಅಳುತ್ತಾರೆ. ಅಲ್ಲಿ ಹೋಮರ್ ಹೇಳುತ್ತಾನೆ: ಪೆಟ್ರೋಕ್ಲಸ್ ಒಂದು ನೆಪ, ಒಬ್ಬೊಬ್ಬಳೂ ತನ್ನ ತನ್ನ ದುಃಖಕ್ಕೆ ಅತ್ತಳು. ನಾಲ್ಕು ಎತ್ತಿನವಳೂ ಆ ಗುಂಪಿನಲ್ಲೇ ಇದ್ದಿರಬೇಕು. ಕವಿಗೆ ಎಲ್ಲ ಗೊತ್ತಿತ್ತು. ನೋಡಿದ, ಒಂದು ಸಾಲು ಬರೆದ, ಮುಂದೆ ಹೋದ. ನನಗೆ ಸಿಟ್ಟು ಬರುವುದು ಅಲ್ಲೇ. ಅವನ ಮೇಲೆ ಅಭಿಮಾನ ಬರುವುದೂ ಅಲ್ಲೇ, ಏನು ಮಾಡಲಿ.

ಪೆನೆಲೊಪಿ, ಹೆಲೆನ್, ಆಂಡ್ರೊಮಕಿ, ಎಂಥೆಂಥ ಪಾತ್ರಗಳು ಅಂತ ಹೊಗಳುವವರಿದ್ದಾರೆ. ನಾನೂ ಹೊಗಳುತ್ತೇನೆ. ಆದರೆ ಆಂಡ್ರೊಮಕಿಗೂ ಈ ಬೆಲೆಗೂ ನಡುವೆ ಇದ್ದದ್ದು ಅವಳ ಗಂಡ, ಟ್ರಾಯ್‌ನ ರಾಜಕುಮಾರ ಹೆಕ್ಟರ್ ಒಬ್ಬನೇ. ಅದು ಅವನಿಗೂ ಗೊತ್ತಿತ್ತು. 6ನೇ ಭಾಗದಲ್ಲಿ ಅವಳಿಗೇ ಹೇಳುತ್ತಾನೆ: ಟ್ರಾಯ್ ಬಿದ್ದ ದಿನ ಯಾವನೋ ಗ್ರೀಕ ನಿನ್ನನ್ನು ಎಳೆದುಕೊಂಡು ಹೋಗುತ್ತಾನೆ, ಇನ್ಯಾರದೋ ಮನೆಯಲ್ಲಿ ಮಗ್ಗದ ಮುಂದೆ ಕೂರುತ್ತೀಯ, ನೀರು ಹೊರುತ್ತೀಯ. ಇಷ್ಟು ಹೇಳಿ, ಸ್ವಲ್ಪ ಹೊತ್ತಿಗೆ, ಮನೆಗೆ ಹೋಗಿ ಮಗ್ಗ ನೋಡಿಕೋ, ಯುದ್ಧ ಗಂಡಸರ ಕೆಲಸ ಅನ್ನುತ್ತಾನೆ. ಎಷ್ಟು ಸಲ ಓದಿದರೂ ಈ ಎರಡು ಮಾತು ಒಂದೇ ಬಾಯಿಂದ ಹೇಗೆ ಬಂದವು ಅಂತ ತಲೆ ಕೆಡುತ್ತದೆ. ಅವನು ಒಳ್ಳೆಯ ಗಂಡ ಬೇರೆ.

ಇಲಿಯಡ್ ಮುಗಿದ ಮೇಲೆ ಒಡಿಸ್ಸಿ ಅಂತ ತೀರ್ಮಾನ ಆಗಿದೆ. ಯಾರು ಯಾವ ಭಾಗ ಗಟ್ಟಿಯಾಗಿ ಓದುವುದು ಅಂತ ಗುಂಪಿನಲ್ಲಿ ಹೆಸರು ಕೇಳಿದ್ದರು. ನಾನು 9ನೇ ಭಾಗಕ್ಕೆ ಹೆಸರು ಕೊಟ್ಟೆ. "ಒಳ್ಳೇದು, ಸೈಕ್ಲಾಪ್ಸ್ ಕಥೆ ಎಲ್ಲರಿಗೂ ಇಷ್ಟ" ಅಂತ ಸರ್ ಉತ್ತರ ಹಾಕಿದ್ದಾರೆ.