ಚಳಿ ಬೇಕು, ಅಲ್ಲಿ ಮಾತ್ರ

ಕಡಲೆಕಾಯಿ ಪರಿಷೆ ಮುಗಿಯಿತು ಅಂದರೆ ನಮ್ಮ ಮನೆಯಲ್ಲಿ ಏಣಿ ಹಾಕುತ್ತೇವೆ. ಸಜ್ಜೆ ಮೇಲಿಂದ ಎರಡು ಡಬ್ಬ ಇಳಿಯಬೇಕು. ಒಂದರಲ್ಲಿ ಅಪ್ಪನ ನೆಬ್ಯುಲೈಸರ್. ಇನ್ನೊಂದರಲ್ಲಿ ನನ್ನ ಸ್ಕೀಯಿಂಗ್ ಸಾಮಾನು: ಕೈಗವಸು, ಗಾಗಲ್, ಹೆಲ್ಮೆಟ್, ಉಣ್ಣೆ ಕಾಲುಚೀಲ. ಅಪ್ಪನಿಗೆ ಉಬ್ಬಸ, ನನಗೆ ಹಿಮದ ಹುಚ್ಚು. ಅವರು ಚಳಿಗೆ ಹೆದರುತ್ತಾರೆ, ನಾನು ಚಳಿಗೆ ಕಾಯುತ್ತೇನೆ ಅಂತ ಹೇಳಿಬಿಟ್ಟರೆ ಸುಲಭ. ಆದರೆ ರಾತ್ರಿ ಅವರು ಕೆಮ್ಮುವುದು ಕೇಳಿಸುವುದು ನನ್ನ ಕೋಣೆಗೇ. ಹಾಗಾಗಿ ನನಗೆ ಎರಡೂ ಒಟ್ಟಿಗೇ ಆಗುತ್ತದೆ.

ಬೆಂಗಳೂರಿನದೂ ಒಂದು ಚಳಿಯೇ ಅಂತ ಉತ್ತರದವರು ನಗುತ್ತಾರೆ. ಇಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ. ಅದೂ 1884ರ ಜನವರಿಯಲ್ಲಿ. ಈಗ ಡಿಸೆಂಬರ್ ರಾತ್ರಿ ಹದಿನೈದಕ್ಕೆ ಇಳಿದರೆ ಸಾಕು, ಬ್ಯೂಗಲ್ ರಾಕ್ ಪಾರ್ಕಿನ ತುಂಬ ಮಂಕಿ ಕ್ಯಾಪುಗಳು. ನಗುವವರು ನಗಲಿ. ಉಬ್ಬಸ ಇರುವವರು ಥರ್ಮಾಮೀಟರ್ ನೋಡಿ ಕೆಮ್ಮುವುದಿಲ್ಲ. ಹವೆ ತಟ್ಟನೆ ಬದಲಾದರೆ ಅಷ್ಟೇ ಸಾಕು ಅವರಿಗೆ.

ಇಷ್ಟಕ್ಕೂ ಬೆಂಗಳೂರಿನವಳಿಗೆ ಸ್ಕೀಯಿಂಗ್ ಯಾಕೆ ಅಂತ ನೆಂಟರೆಲ್ಲ ಕೇಳಿದ್ದಾರೆ. ಆಫೀಸಿನ ಗುಂಪಿನ ಜೊತೆ ಒಮ್ಮೆ ಹೋಗಿದ್ದೆ, ಹಿಡಿದುಕೊಂಡಿತು, ಅಷ್ಟೇ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಖೇಲೋ ಇಂಡಿಯಾ ಚಳಿಗಾಲದ ಕೂಟದಲ್ಲಿ ಸ್ಕೀಯಿಂಗ್‌ನಲ್ಲಿ ಕರ್ನಾಟಕಕ್ಕೆ ಚಿನ್ನ ತಂದಿದ್ದಾರೆ ಅಂತ ಒಮ್ಮೆ ವಾದ ಹೂಡಿದೆ. "ಅವರು ಗೆದ್ದು ಬರ್ತಾರೆ. ನೀನು ಬಿದ್ದು ಬರ್ತೀಯ. ಅದಕ್ಕೆ ದುಡ್ಡು ಬೇರೆ" ಅಂದರು ಅಪ್ಪ. ಆಮೇಲೆ ನಾನು ವಾದ ಮಾಡುವುದನ್ನು ಬಿಟ್ಟೆ.

ತಯಾರಿ ಮಾತ್ರ ಬಿಡುವುದಿಲ್ಲ. ಸ್ಕೀಯಿಂಗ್‌ನಲ್ಲಿ ಮೊದಲು ಸೋಲುವುದು ತೊಡೆ. ಇಡೀ ದಿನ ಮಂಡಿ ಬಗ್ಗಿಸಿಕೊಂಡೇ ನಿಲ್ಲಬೇಕಲ್ಲ. ಅದಕ್ಕೆ ಗೋಡೆಗೆ ಬೆನ್ನು ಕೊಟ್ಟು, ಕುರ್ಚಿ ಇಲ್ಲದೆಯೇ ಕೂರುವ ಒಂದು ವ್ಯಾಯಾಮ ಇದೆ. ಅಮ್ಮ ಕುಕ್ಕರ್ ಇಟ್ಟಾಗ ಅಡುಗೆಮನೆ ಗೋಡೆಗೆ ಒರಗಿ ಕೂರುತ್ತೇನೆ. ಮೊದಲ ವಿಷಲ್‌ಗೇ ತೊಡೆ ನಡುಗುತ್ತದೆ. "ಸುಮ್ನೆ ಯಾಕೆ ಹಂಗೆ ಕೂತಿದೀಯ, ಈ ಅವರೆಕಾಯಿ ಬಿಡಿಸು" ಅಂತ ಮೊರ ತಂದು ತೊಡೆ ಮೇಲೆ ಇಡುತ್ತಾಳೆ ಅಮ್ಮ. ಮಾಗಡಿ ಕಡೆಯ ಅವರೆ, ಸೊಗಡು ಕೈಗೆಲ್ಲ ಮೆತ್ತಿಕೊಳ್ಳುತ್ತದೆ. ಚಳಿಗಾಲದ ಪರವಾಗಿ ನಮ್ಮ ಮನೆಯಲ್ಲಿ ಯಾರಾದರೂ ಮಾತಾಡುವುದಿದ್ದರೆ ಅದು ಆ ಸೊಗಡಿನ ದೆಸೆಯಿಂದ ಮಾತ್ರ. ಹಿತಕಿದ ಬೇಳೆ ಸಾರು ಇದ್ದ ದಿನ ಅಪ್ಪನೂ ಚಳಿಯನ್ನು ಬೈಯುವುದಿಲ್ಲ.

2024ರಲ್ಲಿ ಚಳಿ ನಮಗೆ ಮೊದಲೇ ಅಂಟಿಕೊಂಡಿತು. ನವೆಂಬರ್ 30ಕ್ಕೆ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಸೇರಿತು. ಇಲ್ಲಿ ಬಿಸಿಲೇ ಇಲ್ಲ. ಜಿಟಿಜಿಟಿ ಮಳೆ, ಮಧ್ಯಾಹ್ನವೂ ಸ್ವೆಟರ್, ಒಣಗದ ಬಟ್ಟೆ. ಅಪ್ಪನಿಗೆ ಎದೆಯಲ್ಲಿ ಸುಯ್ಯಿ ಶುರುವಾಯಿತು. ನಾನೂ ತಮ್ಮನೂ (ಚಿಕ್ಕಪ್ಪನ ಮಗ) ಕ್ರಿಸ್‌ಮಸ್ ವಾರಕ್ಕೆ ಗುಲ್ಮಾರ್ಗ್‌ಗೆ ಟಿಕೆಟ್ ಮಾಡಿಸಿಯಾಗಿತ್ತು. ಫೋನಿನಲ್ಲಿ ದಿನಾ ಎರಡು ಊರಿನ ಹವೆ ನೋಡುತ್ತಿದ್ದೆ. ಬೆಂಗಳೂರಿನಲ್ಲಿ ಸೂರ್ಯನ ಚಿತ್ರ ಬರಲಿ, ಗುಲ್ಮಾರ್ಗ್‌ನಲ್ಲಿ ಹಿಮದ ಚಿತ್ರ ಬರಲಿ ಅಂತ ಬೇಡಿಕೊಳ್ಳುವುದು. ಆಗುತ್ತಿದ್ದದ್ದು ಉಲ್ಟಾ.

ಕಾಶ್ಮೀರದಲ್ಲಿ ಆ ತಿಂಗಳು ಚಳಿಗೇನೂ ಕೊರತೆ ಇರಲಿಲ್ಲ. ಡಿಸೆಂಬರ್ 21ಕ್ಕೆ ಶ್ರೀನಗರದಲ್ಲಿ ಮೈನಸ್ 8.5 ಡಿಗ್ರಿ. ಐದು ದಶಕಗಳಲ್ಲಿ ಅಲ್ಲಿ ಡಿಸೆಂಬರ್‌ನ ಅಷ್ಟು ತಣ್ಣನೆಯ ರಾತ್ರಿ ಬಂದಿರಲಿಲ್ಲವಂತೆ. ಆದರೆ ಕಣಿವೆಯಲ್ಲಿ ಹಿಮ ಇಲ್ಲ! ನನಗೆ ಮೊದಲು ಇದು ಅರ್ಥ ಆಗುತ್ತಿರಲಿಲ್ಲ. ಆಕಾಶ ತಿಳಿಯಾಗಿದ್ದರೆ ನೆಲದ ಬಿಸಿಯೆಲ್ಲ ರಾತ್ರಿ ಮೇಲಕ್ಕೆ ಹೋಗಿಬಿಡುತ್ತದೆ, ಅದಕ್ಕೇ ಅಷ್ಟು ಕೊರೆತ. ಹಿಮ ಬೀಳಬೇಕಾದರೆ ಮೋಡ ಬೇಕು. ಆ ಮೋಡ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಇರಾನ್, ಅಫ್ಘಾನಿಸ್ತಾನ ದಾಟಿ ಬರಬೇಕು. ಬಂದ ರಾತ್ರಿ ಚಳಿ ಒಂದಿಷ್ಟು ಕಮ್ಮಿಯೇ ಆಗುತ್ತದೆ. ಅಂದರೆ ನಾನು ಬೇಡಿಕೊಳ್ಳಬೇಕಾಗಿದ್ದು ಚಳಿಯನ್ನಲ್ಲ, ಮೋಡವನ್ನು.

ಹೊರಡುವ ದಿನ ಅಪ್ಪ ಪರವಾಗಿಲ್ಲ ಅನ್ನುವ ಹಾಗಿದ್ದರು. ಮನೆ ಇರುವುದು ಬನಶಂಕರಿ ಹತ್ತಿರದ ಶ್ರೀನಗರದಲ್ಲಿ. ಶ್ರೀನಗರದಿಂದ ಶ್ರೀನಗರಕ್ಕೆ ಹೋಗ್ತಾ ಇದೀವಿ ಅಂತ ತಮ್ಮ ಕ್ಯಾಬಿನವನಿಗೆ ಹೇಳಿದ. ಅವನು ನಗಲಿಲ್ಲ. ಬೆಳಗಿನ ಮೂರೂವರೆಗೆ ಯಾರು ನಗುತ್ತಾರೆ.

ಗುಲ್ಮಾರ್ಗ್ ಇರುವುದು ಸುಮಾರು 2,650 ಮೀಟರ್ ಎತ್ತರದಲ್ಲಿ. ಬೆಂಗಳೂರು ಇರುವುದು ಸುಮಾರು 900 ಮೀಟರ್‌ನಲ್ಲಿ. ಬೂಟು ಹಾಕಿಕೊಂಡು ಐವತ್ತು ಹೆಜ್ಜೆ ನಡೆದರೆ ಆ ವ್ಯತ್ಯಾಸ ಗೊತ್ತಾಗುತ್ತದೆ. ಸ್ಕೀ ಬೂಟು ಅಂದರೆ ಗಟ್ಟಿ ಪ್ಲಾಸ್ಟಿಕ್, ಕಣಕಾಲು ಅಲ್ಲಾಡುವುದೇ ಇಲ್ಲ. ಬಾಡಿಗೆ ಅಂಗಡಿಯವನು ಇದ್ದುದರಲ್ಲೇ ಹಳೆಯ ಸ್ಕೀ ಕೊಟ್ಟ. ತಳದಲ್ಲೆಲ್ಲ ಗೀಚು. ತಮ್ಮ ಜಗಳಕ್ಕೆ ನಿಂತ. ನಾನೇ ತಡೆದೆ. ಸೀಸನ್ ಶುರುವಿನಲ್ಲಿ ಹೊಸ ಸ್ಕೀ ಕೇಳಬಾರದು. ಹಿಮದ ಪದರ ತೆಳು, ಅಡಿಯಲ್ಲಿ ಕಲ್ಲು. ಅನುಭವ ಇರುವವರೂ ಈ ಹೊತ್ತಿಗೆ ಅಂತಲೇ ಒಂದು ಹಳೇ ಜೋಡಿ ಇಟ್ಟುಕೊಂಡಿರುತ್ತಾರೆ.

26ನೇ ತಾರೀಖು, ಗುರುವಾರ. ಬೇಸಿಗೆಯಲ್ಲಿ ಗಾಲ್ಫ್ ಆಡುವ ಮೈದಾನದ ಬದಿಯ ಇಳಿಜಾರೇ ಕಲಿಯುವವರ ಜಾಗ. ಗೊಂಡೊಲಾ ಅನ್ನುವ ಕೇಬಲ್ ಕಾರಿನ ಎರಡನೇ ಹಂತ ಅಫರ್ವತ್ ಬೆಟ್ಟದಲ್ಲಿ ಸುಮಾರು 3,950 ಮೀಟರ್‌ವರೆಗೂ ಒಯ್ಯುತ್ತದೆ, ಆದರೆ ಅದು ನಮ್ಮಂಥವರ ಸ್ಕೀಯಿಂಗ್‌ಗೆ ಅಲ್ಲ. ನಮ್ಮ ಇಳಿಜಾರು ನೋಡಿದರೆ ಹರಿದ ಪಂಚೆ ಒಣಹಾಕಿದ ಹಾಗಿತ್ತು. ನಡುನಡುವೆ ಹುಲ್ಲು ಇಣುಕುತ್ತಿತ್ತು.

"ಅಕ್ಕಾ, ಇದಕ್ಕಾ ಅಷ್ಟು ದಿನ ಗೋಡೆಗೆ ಒರಗಿದ್ದು?" ಅಂದ ತಮ್ಮ.

ಕಲಿಸುವವರು ಟಂಗ್‌ಮಾರ್ಗ್ ಕಡೆಯವರು. ಜಾಸ್ತಿ ಮಾತಿಲ್ಲ. ಸ್ಕೀಗಳ ಮುಂದಿನ ತುದಿ ಹತ್ತಿರ, ಹಿಂದಿನ ತುದಿ ದೂರ ಇಟ್ಟು ವೇಗ ತಡೆಯುವುದಕ್ಕೆ ಅವರೆಲ್ಲ ಹೇಳುವುದು ಪಿಜ್ಜಾ ಅಂತ. "ಪಿಜ್ಜಾ, ಮೇಡಂ, ಪಿಜ್ಜಾ!" ಅಂತ ಕೆಳಗಿನಿಂದ ಕೂಗುತ್ತಿದ್ದರು. ಬೆಳಗ್ಗೆ ಹಿಮ ಕಲ್ಲಿನಷ್ಟು ಗಟ್ಟಿ. ಸ್ಕೀಯ ಅಂಚು ಕಚ್ಚಿಕೊಳ್ಳುವುದೇ ಇಲ್ಲ, ಬರೀ ಕರಕರ ಸದ್ದು. ಹನ್ನೊಂದರ ಮೇಲೆ ಬಿಸಿಲಿಗೆ ಮೇಲ್ಪದರ ಸಡಿಲವಾಯಿತು. ಆಗ ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆ, ಅಪ್ಪಟ ಸುಖ. ಭಾರವನ್ನು ಎಡಗಾಲಿಗೆ ಕೊಟ್ಟರೆ ಬಲಕ್ಕೆ ತಿರುಗುತ್ತದೆ, ಬಲಗಾಲಿಗೆ ಕೊಟ್ಟರೆ ಎಡಕ್ಕೆ. ಮೊಣಕಾಲಿನ ಕೆಳಗಿನ ಎಲುಬು ಬೂಟಿನ ನಾಲಿಗೆಗೆ ಒತ್ತಿಯೇ ಇರಬೇಕು. ಹೆದರಿ ಹಿಂದಕ್ಕೆ ವಾಲಿದಿರೋ, ಸ್ಕೀ ನಿಮ್ಮ ಮಾತು ಕೇಳುವುದಿಲ್ಲ. ಇಳಿಜಾರಿನಲ್ಲಿ ಹೆದರಿಕೆ ಆದಷ್ಟೂ ಮುಂದಕ್ಕೆ ಬಾಗಬೇಕು ಅನ್ನುವುದು ತಲೆಗೆ ಗೊತ್ತು. ಕಾಲಿಗೆ ಪ್ರತಿ ವರ್ಷವೂ ಹೊಸದಾಗಿ ಹೇಳಿಕೊಡಬೇಕು.

ಎರಡು ಗಂಟೆಗೆಲ್ಲ ಕೆಸರು. ಒಂದು ಕಡೆ ಸ್ಕೀ ಕಲ್ಲಿಗೆ ತಾಗಿ ಸರಕ್ಕನೆ ನಿಂತಿತು. ನಾನು ನಿಲ್ಲಲಿಲ್ಲ.

ಊಟಕ್ಕೆ ರಾಜ್ಮಾ ಅನ್ನ, ಆಮೇಲೆ ಕಹ್ವಾ, ಅಲ್ಲಿನ ಟೀ. ಆಗ ಕಲಿಸುವವರು ಸ್ವಲ್ಪ ಮಾತಾಡಿದರು. 2024ರ ಜನವರಿಯಲ್ಲಿ ಬಹುಪಾಲು ದಿನ ಗುಲ್ಮಾರ್ಗ್ ಬೋಳಾಗಿತ್ತು. ಕಂದು ಬಣ್ಣದ ಬೆಟ್ಟದ ಫೋಟೋಗಳು ಪೇಪರಿನಲ್ಲೆಲ್ಲ ಬಂದಿದ್ದು ನಿಮಗೂ ನೆನಪಿರಬಹುದು. ಆ ತಿಂಗಳು ಬಂದ ಬುಕಿಂಗ್‌ಗಳೆಲ್ಲ ರದ್ದಾದವಂತೆ. ಹಿಮ ಬಿದ್ದರೆ ಅವರ ಮನೆಯಲ್ಲಿ ನೀರಿನ ಪೈಪು ಕಟ್ಟುತ್ತದೆ, ಕರೆಂಟು ಹೋಗುತ್ತದೆ, ಅವರ ತಾಯಿ ಕಾಂಗಡಿ ಅನ್ನುವ ಕೆಂಡದ ಬುಟ್ಟಿ ಹಿಡಿದು ಒಳಗೇ ಇರುತ್ತಾರೆ. ಬೀಳದಿದ್ದರೆ ವರ್ಷದ ಸಂಪಾದನೆ ಇಲ್ಲ. "ಬಂದರೂ ಕಷ್ಟ, ಬರದಿದ್ದರೂ ಕಷ್ಟ. ಆದರೂ ಬರಲಿ ಅಂತಲೇ ದುವಾ ಮಾಡ್ತೀವಿ" ಅಂದರು. ನಾನು ನಮ್ಮ ಅಪ್ಪನ ವಿಷಯ ಹೇಳಿದೆ. ಅವರು ತಲೆ ಆಡಿಸಿ ಇನ್ನೊಂದು ಲೋಟ ಕಹ್ವಾ ತರಿಸಿದರು.

ಮರುದಿನ ಮಧ್ಯಾಹ್ನ ಹಿಮ ಬಂತು. ಮೊದಲು ಹುಡಿ ಹುಡಿ, ಆಮೇಲೆ ದಪ್ಪ. ಹೋಟೆಲಿನ ಹುಡುಗರು ಹೊರಗೆ ಬಂದು ಕೇಕೆ ಹಾಕಿದರು. ತಮ್ಮ ಬಾಯಿ ತೆರೆದುಕೊಂಡು ನಿಂತ. ನಾನು ಮನೆಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅಪ್ಪ ಶಾಲು ಸುತ್ತಿಕೊಂಡಿದ್ದರು. "ಚೆನ್ನಾಗಿದೆ ಕಣೇ" ಅಂದರು, ಉಸಿರು ಕಟ್ಟಿ ಕಟ್ಟಿ.

ರಾತ್ರಿ ಒಂದಕ್ಕೆ ಅಮ್ಮನ ಫೋನು. ಉಬ್ಬಸ ಜಾಸ್ತಿಯಾಗಿ, ಮನೆಯ ನೆಬ್ಯುಲೈಸರ್‌ಗೆ ಬಗ್ಗಲಿಲ್ಲ. ಎದುರುಮನೆಯ ಅಂಕಲ್ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾರೆ, ಆಕ್ಸಿಜನ್ ಕೊಟ್ಟಿದ್ದಾರೆ, ಈಗ ಪರವಾಗಿಲ್ಲ. "ನೀನೇನೂ ಓಡಿ ಬರಬೇಡ" ಅಂದಳು. ಓಡಿ ಬರುವುದು ಹೇಗೂ ಆಗುತ್ತಿರಲಿಲ್ಲ. 28ಕ್ಕೆ ನಮ್ಮ ವಿಮಾನ ಇತ್ತು. ಆ ದಿನ ಹಿಮದಿಂದಾಗಿ ಶ್ರೀನಗರದ ವಿಮಾನಗಳೆಲ್ಲ ನಿಂತವು. ಹೆದ್ದಾರಿ ಬಂದ್. ಕಣಿವೆಯಲ್ಲಿ ಅಲ್ಲಲ್ಲಿ ಪ್ರವಾಸಿಗರು ಸಿಕ್ಕಿಬಿದ್ದರು. ಗುಂಡ್ ಅನ್ನುವ ಊರಿನಲ್ಲಿ ಜನ ಮಸೀದಿ ಬಾಗಿಲು ತೆಗೆದು ಅವರನ್ನು ರಾತ್ರಿ ಮಲಗಿಸಿದರು ಅನ್ನುವುದು ಆಮೇಲೆ ಸುದ್ದಿಯಾಯಿತು. ನಾವು ಹೋಟೆಲಿನಲ್ಲಿ ಬೆಚ್ಚಗೇ ಇದ್ದೆವು. ಬೇಡಿಕೊಂಡ ಮೋಡವೇ ನನ್ನನ್ನು ಹಿಡಿದು ಕೂರಿಸಿತ್ತು.

ಬೆಳಗ್ಗೆ ಅಪ್ಪನೇ ಮಾತಾಡಿದರು. ದನಿ ಪರವಾಗಿಲ್ಲ. "ಅಲ್ಲಿ ಕೂತು ಏನ್ ಮಾಡ್ತೀಯ, ಹೋಗಿ ಬೀಳು" ಅಂದರು.

ಹೋದೆ. ಮೊಣಕಾಲವರೆಗಿನ ಹೊಸ ಹಿಮ. ಇದರಲ್ಲೂ ಒಂದು ಮೋಸ ಇದೆ. ಅಡಿಯಲ್ಲಿ ಗಟ್ಟಿ ಪದರ ಇನ್ನೂ ಕೂತಿಲ್ಲದ ಕಾರಣ ಕಲ್ಲುಗಳು ಹೋಗಿರುವುದಿಲ್ಲ, ಮುಚ್ಚಿಕೊಂಡಿರುತ್ತವೆ ಅಷ್ಟೇ. ನಿನ್ನೆ ಮೊನ್ನೆ ಹುಲ್ಲು ಕಂಡ ಕಡೆ ಹೋಗಬೇಡಿ, ನನ್ನ ಗೆರೆಯಲ್ಲೇ ಬನ್ನಿ ಅಂದರು ಕಲಿಸುವವರು. ಮೆತ್ತನೆಯ ಹಿಮದಲ್ಲಿ ಪಿಜ್ಜಾ ನಡೆಯುವುದಿಲ್ಲ, ಸ್ಕೀ ಹೂತುಹೋಗುತ್ತದೆ. ಎರಡನ್ನೂ ಹತ್ತಿರ ಇಟ್ಟುಕೊಂಡು, ಭಾರವನ್ನು ಎರಡು ಕಾಲಿಗೂ ಹಂಚಿ, ಸ್ವಲ್ಪ ಧೈರ್ಯವಾಗಿ ಬಿಡಬೇಕು. ಬಿದ್ದರೆ ನೋವಿಲ್ಲ, ಏಳುವುದೇ ಕಷ್ಟ. ತಮ್ಮನ ಒಂದು ಸ್ಕೀ ಕಳಚಿಕೊಂಡು ಹಿಮದೊಳಗೆ ಮಾಯವಾಯಿತು. ಕೋಲಿನಲ್ಲಿ ಚುಚ್ಚಿ ಚುಚ್ಚಿ ಹುಡುಕಿದೆವು. ನಗು ತಡೆಯಲಾಗಲಿಲ್ಲ. ಒಂದು ಇಳಿತದಲ್ಲಿ, ಮೇಲಿಂದ ಕೆಳಗಿನವರೆಗೂ ಎಲ್ಲೂ ಬೀಳದೆ ಬಂದೆ. ಸದ್ದೇ ಇಲ್ಲ, ಮುಖಕ್ಕೆ ಹಿಮದ ಹುಡಿ. ನಾನು ಅಷ್ಟು ಚೆನ್ನಾಗಿ ಯಾವತ್ತೂ ಇಳಿದಿರಲಿಲ್ಲ. ಕೆಳಗೆ ಬಂದು ಗವಸು ತೆಗೆದು ಫೋನ್ ನೋಡಿದೆ. ಮನೆಯಿಂದ ಏನೂ ಇರಲಿಲ್ಲ. ಮತ್ತೆ ಹತ್ತಿದೆ. ಪ್ರತಿ ಸಲವೂ ಅದೇ: ಇಳಿಯುವುದು, ಗವಸು ತೆಗೆಯುವುದು, ನೋಡುವುದು.

ಬೇರೆಯವರು ಆ ದಿನ ಕೋಣೆಯಲ್ಲೇ ಕೂರುತ್ತಿದ್ದರೇನೋ. ಕೂತಿದ್ದರೆ ಅಪ್ಪನ ಉಸಿರಿಗೇನೂ ಸಹಾಯ ಆಗುತ್ತಿರಲಿಲ್ಲ ಅನ್ನುವುದು ನನ್ನ ಲೆಕ್ಕ. ಅಮ್ಮ ಇದನ್ನು ಇವತ್ತಿಗೂ ಒಪ್ಪಿಲ್ಲ.

ಊರಿಗೆ ಬಂದಾಗ ಅಪ್ಪ ಜಗಲಿ ಬಿಸಿಲಿನಲ್ಲಿ ಪೇಪರ್ ಹಿಡಿದು ಕೂತಿದ್ದರು. "ಎಷ್ಟು ಸಲ ಬಿದ್ದೆ?" ಅಂತ ಕೇಳಿದರು. ಅಮ್ಮ ಅಡುಗೆಮನೆಯಿಂದ ಈಚೆಗೆ ಬರಲಿಲ್ಲ. ಸಂಜೆ ಹೊತ್ತಿಗೆ ಸರಿಹೋದಳು. ಆ ಹಿಮವೂ ಬಹಳ ಬಾಳಲಿಲ್ಲ. ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಕೂಟವನ್ನು ಹಿಮ ಸಾಲದೆ ಮಾರ್ಚ್‌ಗೆ ಮುಂದೂಡಿದರು.

ಆಮೇಲೆ 2025ರ ಏಪ್ರಿಲ್ 22ಕ್ಕೆ ಪಹಲ್ಗಾಮ್ ಆಯಿತು. ಸತ್ತ 26 ಜನರಲ್ಲಿ ನಮ್ಮ ಕನ್ನಡದವರೂ ಇದ್ದರು. ಕಲಿಸುವವರು ಒಂದು ವಾರದ ನಂತರ ಮೆಸೇಜ್ ಹಾಕಿದರು: ನಿಮ್ಮ ಮನೆಯಲ್ಲಿ ಎಲ್ಲರೂ ಕ್ಷೇಮವೇ, ತಂದೆಯವರ ಉಸಿರು ಹೇಗಿದೆ ಅಂತ. ಏನು ಬರೆಯಬೇಕೋ ತೋಚಲಿಲ್ಲ. ಚೆನ್ನಾಗಿದ್ದಾರೆ ಅಂತಷ್ಟೇ ಬರೆದೆ.

ಈಗ ಮತ್ತೆ ಪರಿಷೆ ಮುಗಿದಿದೆ. ಡಬ್ಬಗಳು ಇಳಿದಿವೆ. ಅಮ್ಮ ಕಾಶ್ಮೀರ ಬೇಡವೇ ಬೇಡ ಅನ್ನುತ್ತಾಳೆ. ತಮ್ಮ ಉತ್ತರಾಖಂಡದ ಔಲಿ ಅನ್ನುತ್ತಾನೆ. ಅಲ್ಲಿ ಜೋಶಿಮಠದಲ್ಲಿ ನೆಲ ಕುಸಿದು, 2023ರ ಜನವರಿಯಿಂದ ರೋಪ್‌ವೇ ನಿಂತಿದೆ, ರಸ್ತೆಯಲ್ಲೇ ಹತ್ತಬೇಕು. ನನಗೆ ಗುಲ್ಮಾರ್ಗೇ ಬೇಕು, ಡಿಸೆಂಬರೇ ಬೇಕು. ಹುಲ್ಲು ಇಣುಕುವ, ಜನ ಕಮ್ಮಿ ಇರುವ, ಇವತ್ತು ಸಿಗುತ್ತದೋ ಇಲ್ಲವೋ ಅನ್ನುವ ಆ ಮೊದಲ ವಾರಗಳು. ಫೆಬ್ರವರಿಯ ದಪ್ಪ ಹಿಮದಲ್ಲಿ ಯಾರು ಬೇಕಾದರೂ ಖುಷಿಪಡಬಹುದು ಬಿಡಿ.

ಅಪ್ಪ ಒಂದು ಷರತ್ತು ಹಾಕಿದ್ದಾರೆ. "ಸಂಕ್ರಾಂತಿ ಕಳೀಲಿ. ಇಲ್ಲಿ ಚಳಿ ಬಿಡುತ್ತೆ. ಆಮೇಲೆ ಎಲ್ಲಿಗಾದ್ರೂ ಹೋಗು." ನಾನು ಆಗಲಿ ಅಂದಿಲ್ಲ, ಆಗಲ್ಲ ಅಂತಲೂ ಅಂದಿಲ್ಲ. ಶನಿವಾರ ಅವರಿಗೆ ಫ್ಲೂ ಲಸಿಕೆ ಹಾಕಿಸಬೇಕು. ಡಾಕ್ಟರು ಏನು ಹೇಳುತ್ತಾರೋ ಕೇಳಿಕೊಂಡು ಟಿಕೆಟ್ ನೋಡುತ್ತೇನೆ.