ಬೆಟ್ಟದವರ ಕೊರಳಲ್ಲಿ ಕಡಲಿನ ಶಂಖ

ಅಸ್ಸಾಮಿನ ಸೋನಾರಿ ದಾಟಿ, ಟಿಜಿಟ್ ಬಳಿ ಇನ್ನರ್ ಲೈನ್ ಪರ್ಮಿಟ್ (ನಾಗಾಲ್ಯಾಂಡ್ ಪ್ರವೇಶಕ್ಕೆ ಹೊರಗಿನವರು ಪಡೆಯಬೇಕಾದ ಪರವಾನಗಿ) ತೋರಿಸಿದ ಮೇಲೆ ಚಹಾ ತೋಟಗಳು ಹಿಂದೆ ಸರಿದು ಬೆಟ್ಟದ ದಾರಿ ಶುರುವಾಗುತ್ತದೆ. ಸುಮೋ ಗಾಡಿಯಲ್ಲಿ ಒತ್ತಿಕೊಂಡು ಕುಳಿತು ಮೋನ್ ತಲುಪುವಷ್ಟರಲ್ಲಿ ಮೈಯೆಲ್ಲ ಕೆಂಧೂಳು. ನಾಗಾಲ್ಯಾಂಡಿನ ಈ ಈಶಾನ್ಯ ಮೂಲೆ ಕೊನ್ಯಾಕ್ ಎಂಬ ನಾಗಾ ಬುಡಕಟ್ಟಿನವರ ಸೀಮೆ. ಏಪ್ರಿಲ್ ಮೊದಲ ವಾರ ಇಲ್ಲಿ ಆವೊಲಿಂಗ್ ಹಬ್ಬ. ಬಿತ್ತನೆ ಮುಗಿಸಿದ ಊರುಗಳೆಲ್ಲ ಪೆಟ್ಟಿಗೆಯಲ್ಲಿಟ್ಟ ಒಡವೆಗಳನ್ನು ಹೊರತೆಗೆಯುವ ಕಾಲ ಅದು. ಮಣಿಯ ಕೆಲಸ ನೋಡಬೇಕೆನ್ನುವವರು ಈ ವಾರವೇ ಹೋಗಬೇಕು.

ಕೊನ್ಯಾಕರ ಮಣಿಸರವೆಂದರೆ ಒಂದೆಳೆಯ ಸರವಲ್ಲ. ಸಾಸಿವೆಗಿಂತ ತುಸು ದಪ್ಪನೆಯ ಗಾಜಿನ ಮಣಿಗಳನ್ನು ಬಟ್ಟೆಯಂತೆ ಹೆಣೆದ ಅಗಲವಾದ ಪಟ್ಟಿ. ಮೋನ್ ಪೇಟೆಯಾಚೆ ಒಂದು ಮನೆಯ ಜಗಲಿಯಲ್ಲಿ ನಡುವಯಸ್ಸಿನ ಹೆಂಗಸೊಬ್ಬರು ಹೆಣೆಯುತ್ತಿದ್ದರು. ಪಕ್ಕದಲ್ಲಿ ಕುಳಿತು ನೋಡಿದೆ. ಸೂಜಿ ತಟ್ಟೆಯಿಂದ ಒಂದು ಕಿತ್ತಳೆ ಮಣಿ ಎತ್ತುತ್ತದೆ, ಹಿಂದಿನ ಸಾಲಿನ ಮಣಿಯೊಳಗೆ ತೂರಿ ಬರುತ್ತದೆ, ಹೆಬ್ಬೆರಳು ದಾರವನ್ನು ಬಿಗಿಯುತ್ತದೆ. ಮತ್ತೊಂದು ಮಣಿ. ಎದುರಿಗೆ ನಕ್ಷೆಯ ಹಾಳೆ ಇಲ್ಲ. ಎಲ್ಲಿ ಹಳದಿ ನಿಲ್ಲಬೇಕು, ಎಲ್ಲಿ ಕಪ್ಪು ವಜ್ರಾಕೃತಿಯ ಮೂಲೆ ತಿರುಗಬೇಕು ಎಂಬುದೆಲ್ಲ ತುಟಿಯಲ್ಲಿ ಎಣಿಕೆಯಾಗಿ ಓಡುತ್ತಿತ್ತು. ಒಂದು ಮಣಿ ಸಣ್ಣದಾಗಿ ಕಂಡಿತು; ಅದನ್ನು ಬೆರಳ ತುದಿಯಲ್ಲಿ ಉರುಳಿಸಿ ನೋಡಿ ಬದಿಗಿಟ್ಟರು. ಮಾತು ಮುರುಕು ಹಿಂದಿ, ನಾಗಾಲ್ಯಾಂಡಿನ ಸಂಪರ್ಕಭಾಷೆಯಾದ ನಾಗಾಮೀಸ್‌ಗಳಲ್ಲಿ ಸಾಗಿತು. “ನಿಮಗೆ ಯಾರು ಕಲಿಸಿದರು?” ಎಂದೆ. “ಅಮ್ಮ. ಅಮ್ಮನಿಗೆ ಅವರಮ್ಮ” ಎಂದರು, ಕಣ್ಣು ಮಣಿಯಿಂದ ಎತ್ತದೆ.

ಈ ಕೆಂಪು, ಹಳದಿ, ಕಿತ್ತಳೆಗಳು ಎಲ್ಲಿಂದ ಬಂದವು? ಹಬ್ಬದ ಮೆರವಣಿಗೆಯಲ್ಲಿ ನನಗೆ ಒಂದು ಸುಳಿವು ಸಿಕ್ಕಿತು. ಗಂಡಸರ ಶಿರಸ್ತ್ರಾಣಗಳಲ್ಲಿ ಕೆಂಪು ಬಣ್ಣ ಕಟ್ಟಿದ ಬೆತ್ತ, ಒಣಗಿದಾಗ ಚಿನ್ನದ ಹಳದಿಗೆ ತಿರುಗುವ ಆರ್ಕಿಡ್ ಕಾಂಡ ಇವೆರಡನ್ನೂ ಸೇರಿಸಿ ಹೆಣೆದಿರುತ್ತಾರೆ. ಮೇಲೆ ಕಾಡುಹಂದಿಯ ಕೋರೆ, ಹಾರ್ನ್‌ಬಿಲ್ ಗರಿ. ಕಾಡಿನಿಂದ ಕಲಿತ ಬಣ್ಣಗಳನ್ನೇ ಹೆಂಗಸರು ಗಾಜಿನಲ್ಲಿ ಮತ್ತೆ ಹೆಣೆದಿದ್ದಾರೆ ಎಂದೇ ನನ್ನ ಎಣಿಕೆ.

ಒಡವೆಯ ಅರ್ಥ ಮಾತ್ರ ಬಣ್ಣಕ್ಕೆ ಮುಗಿಯುವುದಿಲ್ಲ. ಹಿರಿಯರೊಬ್ಬರ ಎದೆಯ ಮೇಲೆ ಮಣಿಸರದಿಂದ ಹಿತ್ತಾಳೆಯ ಪುಟ್ಟ ತಲೆಗಳು ತೂಗುತ್ತಿದ್ದವು. ತಲೆಬೇಟೆಯ ಕಾಲದಲ್ಲಿ ಶತ್ರುವಿನ ತಲೆ ತಂದವನಿಗಷ್ಟೇ ಈ ಒಡವೆ ಧರಿಸುವ ಹಕ್ಕು. ಯಾರು ಏನು ಗಳಿಸಿದ್ದಾರೆ ಎಂಬುದನ್ನು ಊರು ಕೊರಳು ನೋಡಿಯೇ ತಿಳಿಯುತ್ತಿತ್ತು. ಹಾಗಾಗಿ ಪ್ರವಾಸಿಗರು ಅದನ್ನು ಕೊರಳಿಗೆ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಕೊಹಿಮಾದ ರಾಜ್ಯ ವಸ್ತುಸಂಗ್ರಹಾಲಯದಲ್ಲಿ ಮತ್ತೊಂದು ನಾಗಾ ಬುಡಕಟ್ಟಾದ ಅಂಗಾಮಿಗಳ ಹಾರಗಳ ಮುಂದೆ ತುಂಬಾ ಹೊತ್ತು ನಿಂತೆ. ಕಾರ್ನೀಲಿಯನ್ ಎಂಬ ಕೆಂಪು ಕಲ್ಲಿನ ಉದ್ದನೆಯ ಮಣಿಗಳು, ನೀಲಿ ಗಾಜು, ಎಳೆಗಳು ಒಂದರ ಮೇಲೊಂದು ಬೀಳದಂತೆ ನಡುವೆ ಮೂಳೆಯ ಪಟ್ಟಿಗಳು, ಹಿಂಗತ್ತಿನಲ್ಲಿ ಕೊರೆದ ಶಂಖದ ತುಂಡು. ಕಡಲೇ ಕಾಣದ ಬೆಟ್ಟಗಳಿಗೆ ಬಂಗಾಳದ ವ್ಯಾಪಾರಿಗಳ ಮೂಲಕ ಶಂಖ ಬಂದಿದೆ. ಕಾರ್ನೀಲಿಯನ್ ಬಂದದ್ದು ಗುಜರಾತಿನ ಖಂಭಾತಿನಿಂದ. ಅಲ್ಲಿನ ಕುಶಲಕರ್ಮಿಗಳು ಅಗೇಟ್ ಕಲ್ಲನ್ನು ಬೆಂಕಿಯಲ್ಲಿ ಕಾಯಿಸಿ ಕೆಂಪೇರಿಸುತ್ತಾರೆ. ಪಡುವಣ ಕರಾವಳಿಯಲ್ಲಿ ಬೆಂದ ಕಲ್ಲು ಇಲ್ಲಿ ಮೂಳೆ, ಶಂಖಗಳ ಜೊತೆ ಸೇರಿ ಅಪ್ಪಟ ನಾಗಾ ಒಡವೆಯಾಗಿದೆ. ಸಾಮಗ್ರಿ ಪರಊರಿನದು, ಜೋಡಣೆಯ ಬುದ್ಧಿ ಇವರದು.

ಮ್ಯಾನ್ಮಾರ್ ಗಡಿಯ ಮೇಲೆಯೇ ಕುಳಿತಿರುವ ಲೋಂಗ್ವಾ ಗ್ರಾಮದಲ್ಲಿ ಹೆಂಗಸರು ಮಣಿಪಟ್ಟಿಗಳನ್ನು ಹರವಿ ಮಾರುತ್ತಾರೆ. ಪ್ಲಾಸ್ಟಿಕ್ ಮಣಿಯ ಸರಗಳೂ ಅವುಗಳ ನಡುವೆ ಇವೆ. ಕೈಯಲ್ಲಿ ಹಿಡಿದರೆ ಗಾಜಿನದು ತೂಕವಾಗಿ, ತಣ್ಣಗಿರುತ್ತದೆ. ಹಿಂಬದಿ ತಿರುಗಿಸಿದರೆ ಗಂಟುಗಳು ಕೆಲಸದ ಗುಣ ಹೇಳುತ್ತವೆ. ದಯವಿಟ್ಟು ಚೌಕಾಸಿ ಮಾಡಬೇಡಿ. ಒಂದೊಂದೇ ಮಣಿ ಎತ್ತಿದ ಕೈಗೆ ಆ ಬೆಲೆ ಹೆಚ್ಚೇನಲ್ಲ. ನಾನು ಕಿತ್ತಳೆ ಮತ್ತು ಕಪ್ಪಿನ ಒಂದು ಪಟ್ಟಿ ಕೊಂಡೆ. ಮುಂದಿನ ಚಳಿಗಾಲಕ್ಕೆ ಖಂಭಾತಿಗೆ ಹೋಗಿ ಕಲ್ಲು ಕಾಯಿಸುವುದನ್ನು ನೋಡಬೇಕೆಂದಿದ್ದೇನೆ.